ಪೀಪಾಯಿಯಲ್ಲಿ ಹುದುಗುವ ಷಾರ್ಡನೆ: ಸಣ್ಣ ತೋಟದ ಲೆಕ್ಕ



ಕೊರವಂಗಲದ ಸುತ್ತಮುತ್ತ ಆಲೂಗಡ್ಡೆ, ಮುಸುಕಿನ ಜೋಳ, ರಾಗಿ, ತೆಂಗು ಹಳೆಯ ಪರಿಚಯದ ಬೆಳೆಗಳು. ವೈನ್ ದ್ರಾಕ್ಷಿ ಹೊಸದು. ಆದರೆ ಕರ್ನಾಟಕಕ್ಕೆ ಅದು ಹೊಸದಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನು ಜಾರಿಗೆ ತಂದಿತು.

ಷಾರ್ಡನೆ ಫ್ರಾನ್ಸಿನ ಬರ್ಗಂಡಿ ಸೀಮೆಯ ಬಿಳಿ ದ್ರಾಕ್ಷಿ. ಅಲ್ಲಿ ಇದರ ರಸವನ್ನು ಓಕ್ ಮರದ ಪೀಪಾಯಿಯಲ್ಲೇ ಹುದುಗಿಸುವ ರೂಢಿ ಇದೆ. ಪೀಪಾಯಿ ಒಳ್ಳೆಯ ರಸಕ್ಕೆ ಮೆರುಗು ಕೊಡುತ್ತದೆಯೇ ಹೊರತು ಕೆಟ್ಟ ಹಣ್ಣನ್ನು ಸರಿಪಡಿಸುವುದಿಲ್ಲ. ಇದನ್ನು ಮೊದಲು ಮನಗಾಣಬೇಕು.

ತೋಟ: ಏಪ್ರಿಲ್‌ನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಸವರಿದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲು. ಹಿಂಗಾರು ಮಳೆಯಲ್ಲಿ ಬೂಜು ರೋಗದ ಭಯ ಹೆಚ್ಚು. ಆಲೂಗಡ್ಡೆಯ ಅಂಗಮಾರಿಗೆ ಇದು ಹತ್ತಿರದ ಬಂಧು. ಬೋರ್ಡೋ ದ್ರಾವಣ ಎರಡಕ್ಕೂ ನಡೆಯುತ್ತದೆ. ತಿನ್ನುವ ದ್ರಾಕ್ಷಿಯಂತೆ ಇಳುವರಿಗೆ ಆಸೆಪಡಬಾರದು. ಬಳ್ಳಿಯ ಮೇಲೆ ಹೊರೆ ಹೆಚ್ಚಿದರೆ ರಸ ನೀರಾಗುತ್ತದೆ.

ಕೊಯ್ಲು: ಸಕ್ಕರೆ ಸುಮಾರು 22 ಬ್ರಿಕ್ಸ್ ಬಂದಾಗ, ಹುಳಿಯನ್ನೂ ಪರೀಕ್ಷಿಸಿ, ಬೆಳಗಿನ ಜಾವದಲ್ಲೇ ಕೊಯ್ಯಬೇಕು. ಮಾರ್ಚ್ ಬಿಸಿಲಿಗೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಕೆಲವೇ ದಿನ ತಡವಾದರೂ ನಷ್ಟ. ಕೊಳೆತ ಗೊಂಚಲನ್ನು ತೋಟದಲ್ಲೇ ಬೇರ್ಪಡಿಸಿ.

ರಸ: ಹಣ್ಣನ್ನು ಮೆಲ್ಲಗೆ ಹಿಂಡಿ, ಲೀಟರಿಗೆ ಸುಮಾರು 0.1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೆರೆಸಿ, ತಂಪು ತೊಟ್ಟಿಯಲ್ಲಿ ಒಂದು ರಾತ್ರಿ ಬಿಡಬೇಕು. ತಿಳಿಯನ್ನು ಪೀಪಾಯಿಗೆ ಇಳಿಸಿ ಯೀಸ್ಟ್ ಹಾಕಬೇಕು. ನೊರೆ ಉಕ್ಕುವುದರಿಂದ ಪೀಪಾಯಿಯ ಐದನೇ ಒಂದು ಭಾಗ ಖಾಲಿ ಇರಲಿ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರದಂತೆ ಕೋಣೆಯನ್ನು ತಂಪಾಗಿಡಿ. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಕೋಣೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಾಡದ ಕೋಣೆಗೆ ಯಾರೂ ಇಳಿಯಕೂಡದು. ಪ್ರಾಣಕ್ಕೇ ಅಪಾಯ.

ಹುದುಗುವಿಕೆ ಮುಗಿದ ಮೇಲೆ ಪೀಪಾಯಿಯನ್ನು ಬಾಯಿಮಟ್ಟ ತುಂಬಿಸಿ, ಗಾಳಿ ಸೇರದಂತೆ ಬಿಗಿಯಾಗಿ ಮುಚ್ಚಬೇಕು. ತಳದಲ್ಲಿ ಕೂತ ಯೀಸ್ಟ್ ಗಸಿಯನ್ನು ಆಗಾಗ ಕೋಲಿನಿಂದ ಕದಡಿದರೆ ವೈನಿಗೆ ಮೈ ತುಂಬುತ್ತದೆ. ಚಳಿ ದೇಶಗಳಲ್ಲಿ ಹುಳಿ ತಗ್ಗಿಸಲು ಬ್ಯಾಕ್ಟೀರಿಯಾಗಳಿಂದ ಇನ್ನೊಂದು ಹುದುಗು ನಡೆಸುವುದುಂಟು. ನಮ್ಮ ಬಿಸಿಲಿನಲ್ಲಿ ಹುಳಿ ಮೊದಲೇ ತಗ್ಗಿರುವುದರಿಂದ, ಪರೀಕ್ಷೆ ಮಾಡದೆ ಇದಕ್ಕೆ ಕೈ ಹಾಕಬಾರದು.

ಇನ್ನು ಲೆಕ್ಕ. 225 ಲೀಟರ್ ಪೀಪಾಯಿಗೆ ಸುಮಾರು 350 ಕಿಲೋ ಹಣ್ಣು ಬೇಕು. 750 ಮಿಲಿಲೀಟರಿನ 300 ಬಾಟಲಿ ತುಂಬುತ್ತದೆ. ಎಕರೆಗೆ ಮೂರು ಟನ್ ಬಂದರೆ ಎಂಟರಿಂದ ಒಂಬತ್ತು ಪೀಪಾಯಿ ಬೇಕಾಗುತ್ತದೆ. ಓಕ್ ಪೀಪಾಯಿ ಹೊರದೇಶದಿಂದ ಬರಬೇಕು. ಮೂರು ನಾಲ್ಕು ಬೆಳೆಗೆ ಮರದ ವಾಸನೆ ಬಹುಮಟ್ಟಿಗೆ ತೀರುತ್ತದೆ. ಆದ್ದರಿಂದ ಮೊದಲು ಒಂದೆರಡು ಪೀಪಾಯಿಯಲ್ಲಿ ಹುದುಗಿಸಿ, ಉಳಿದ ರಸವನ್ನು ಉಕ್ಕಿನ ತೊಟ್ಟಿಯಲ್ಲಿ ಮಾಡಿ, ಕೊನೆಗೆ ಎರಡನ್ನೂ ಬೆರೆಸುವುದು ಜಾಣತನ.

ಅಬಕಾರಿ ಪರವಾನಗಿ ಇಲ್ಲದೆ ಮಾರಾಟಕ್ಕೆ ವೈನ್ ತಯಾರಿಸುವಂತಿಲ್ಲ. ಘಟಕ ಕಟ್ಟುವ ಶಕ್ತಿಯಿಲ್ಲದವರು ಹಣ್ಣನ್ನೇ ವೈನ್ ಘಟಕಕ್ಕೆ ಮಾರಬಹುದು. ಆದರೆ ಖರೀದಿಯ ಕರಾರು ಕಾಗದದ ಮೇಲೆ ಆಗುವ ತನಕ ಒಂದು ಸಸಿಯನ್ನೂ ನೆಡಬೇಡಿ. ಆಲೂಗಡ್ಡೆ ಈ ವರ್ಷ ಕೈಕೊಟ್ಟರೆ ಮುಂದಿನ ವರ್ಷ ಬೆಳೆ ಬದಲಿಸಬಹುದು. ದ್ರಾಕ್ಷಿ ಚಪ್ಪರಕ್ಕೆ ಸುರಿದ ಸಾಲ ಹಾಗೆ ಬದಲಾಗುವುದಿಲ್ಲ.