ವಿದುರನ ಬಿಲ್ಲು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನಿಂದ ದೀರ್ಘವಾದ ಕಾಗದ ಬಂತು. ಮೂವತ್ತು ವರ್ಷಗಳ ಹಿಂದೆ ಪಿ.ಯು.ಸಿ. ತರಗತಿಯಲ್ಲಿ ನನ್ನಿಂದ ಕುಮಾರವ್ಯಾಸನ ಪಾಠ ಕೇಳಿದವನು. ಅನಂತರ ಎಂಜಿನಿಯರಿಂಗ್ ಓದಿ, ದೊಡ್ಡದೊಂದು ತೈಲ ಕಂಪನಿಯಲ್ಲಿ ಉದ್ಯೋಗ ಹಿಡಿದು, ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ತೈಲಬಾವಿಗಳಿಂದಲೂ ಕೊಳವೆಗಳಿಂದಲೂ ಸೋರಿಹೋಗುವ ಅನಿಲವನ್ನು ತಡೆಯುವುದು ಕಂಪನಿಯಲ್ಲಿ ಅವನ ಕೆಲಸ. ಅವನ ಒಬ್ಬಳೇ ಮಗಳು 2023ರಲ್ಲಿ, ಕಾಲೇಜಿನಲ್ಲಿ ಓದುತ್ತಿರುವಾಗಲೇ, ಲಂಡನ್ನಿನ ರಸ್ತೆಯೊಂದರಲ್ಲಿ ವಾಹನಗಳನ್ನು ತಡೆದ ಗುಂಪಿನೊಡನೆ ಪೋಲೀಸರ ವಶವಾಗಿ ಒಂದು ರಾತ್ರಿ ಠಾಣೆಯಲ್ಲಿ ಕಳೆದು ಬಂದಳಂತೆ. ಅಂದಿನಿಂದ ತಂದೆಮಗಳ ಮಾತುಕತೆ ಅಷ್ಟಕ್ಕಷ್ಟೆ. "ಗುರುಗಳೇ, ಕಂಪನಿಯೊಳಗಿದ್ದು ನಾನು ಒಂದು ವರ್ಷದಲ್ಲಿ ತಡೆಯುವುದನ್ನು ಅವಳ ಗುಂಪು ನೂರು ವರ್ಷ ರಸ್ತೆಯಲ್ಲಿ ಕುಳಿತರೂ ತಡೆಯಲಾರದು. ಅವಳಾದರೋ, ಮನೆಗೆ ಬೆಂಕಿಯಿಡುವವರ ಪಕ್ಕದಲ್ಲಿ ನಾನು ಚೊಂಬು ನೀರು ಹಿಡಿದು ನಿಂತಿದ್ದೇನೆ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ಸರಿ, ತಾವೇ ಹೇಳಬೇಕು" ಎಂದು ಬರೆದಿದ್ದ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ತೈಲದ ವಿಚಾರದಲ್ಲಿ ತೀರ್ಪು ಕೊಡುವ ಅಧಿಕಾರವೇನಿದೆ? ನಾನೂ ಮೂವತ್ತು ವರ್ಷ ಸ್ಕೂಟರ್ ಓಡಿಸಿದವನೇ. ಆದರೆ ಅಧರ್ಮ ನಡೆಯುವ ಸಭೆಯಲ್ಲಿ ಕುಳಿತೇ ತಿದ್ದಬೇಕೆ, ಎದ್ದು ಹೊರಗೆ ಬಂದು ಕೂಗಬೇಕೆ ಎಂಬುದು ಈ ಕಾಲದ ಪ್ರಶ್ನೆಯಷ್ಟೇ ಅಲ್ಲ. ಅದನ್ನು ನೆಪವಾಗಿಟ್ಟುಕೊಂಡು ನಾಲ್ಕಾರು ತಿಂಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವನಿಗೆ ಬರೆದ ಉತ್ತರದ ಸಾರವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಒಳಗಿರುವವರ ಪಕ್ಷವನ್ನು ಮೊದಲು ನೋಡೋಣ. 1977ರ ಜುಲೈ ತಿಂಗಳಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಎಂಬುವರು ತಮ್ಮ ಹಿರಿಯ ಆಡಳಿತಗಾರರ ಎದುರಿಗೆ ನಿಂತು, ಕಲ್ಲಿದ್ದಲು, ತೈಲಗಳನ್ನು ಉರಿಸುವುದರಿಂದ ಭೂಮಿಯ ಹವೆ ಬದಲಾಗುವುದೆಂದು ವಿವರಿಸಿದರು. ಕಂಪನಿ ಅವರನ್ನು ಗದರಿಸಲಿಲ್ಲ. ಗಾಳಿಯಲ್ಲೂ ಸಮುದ್ರದಲ್ಲೂ ಇರುವ ಇಂಗಾಲದ ಡೈಆಕ್ಸೈಡನ್ನು ಅಳೆಯಲು ತನ್ನದೇ ಹಡಗೊಂದಕ್ಕೆ ಯಂತ್ರಗಳನ್ನು ಕೂಡಿಸಿತು. ಆ ಕಂಪನಿಯ ವಿಜ್ಞಾನಿಗಳು 1977ರಿಂದ 2003ರವರೆಗೆ ಮಾಡಿದ ಮುನ್ನೆಣಿಕೆಗಳನ್ನು ಬೇರೆ ಸಂಶೋಧಕರು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದರು: ಅವುಗಳಲ್ಲಿ ಶೇಕಡ 63ರಿಂದ 83ರಷ್ಟು ನಿಜವಾಗಿದ್ದವು. ಒಳಗಿದ್ದವರು ಅರಿತರು, ಅಳೆದರು, ಹೇಳಿದರು. ಆದರೂ ಹವೆಯ ರಕ್ಷಣೆಗಾಗಿ ಬರಬಹುದಾದ ಕಾನೂನುಗಳನ್ನು ಎದುರಿಸಲು 1989ರಲ್ಲಿ ಉದ್ಯಮಿಗಳು ಕಟ್ಟಿದ ಕೂಟದಲ್ಲಿ ಎಕ್ಸಾನ್ ಪ್ರಮುಖವಾಗಿಯೇ ನಿಂತಿತು. ಸತ್ಯ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಹೀಗಾಯಿತು ಎಂಬುದನ್ನು ಗಮನಿಸಬೇಕು.

ಬ್ರಿಟನ್ನಿನ ಬಿ.ಪಿ. ಕಂಪನಿಯ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಒಳಗಿನ ಸಜ್ಜನ ಯಾರೋ ಮೂಲೆಯ ವಿಜ್ಞಾನಿಯಲ್ಲ, ಮುಖ್ಯಾಧಿಕಾರಿಯೇ. 1997ರ ಮೇ ತಿಂಗಳಲ್ಲಿ ಜಾನ್ ಬ್ರೌನ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿ, ಹವೆಯ ಅಪಾಯವನ್ನು ಅಲಕ್ಷಿಸುವಂತಿಲ್ಲವೆಂದು ಸಾರಿದರು. ಕಂಪನಿಯ ಸ್ವಂತ ಹೊಗೆಯನ್ನು 1990ರ ಮಟ್ಟಕ್ಕಿಂತ ಶೇಕಡ 10ರಷ್ಟು ತಗ್ಗಿಸುವ ಗುರಿಯನ್ನು 2010ಕ್ಕೆ ಇಟ್ಟುಕೊಂಡು, ಎಷ್ಟೋ ವರ್ಷ ಮೊದಲೇ ಮುಟ್ಟಿದರು. ನನ್ನ ಶಿಷ್ಯ ಹೆಮ್ಮೆಪಡುವುದು ಇಂಥ ಕೆಲಸದ ಬಗ್ಗೆಯೇ, ಅದರಲ್ಲಿ ತಪ್ಪೇನೂ ಇಲ್ಲ. ಮುಂದೆ 2020ರಲ್ಲಿ ಅದೇ ಕಂಪನಿ ಇನ್ನೂ ದೊಡ್ಡ ಮಾತಾಡಿತು: 2030ರ ಹೊತ್ತಿಗೆ ತೈಲ, ಅನಿಲಗಳ ಉತ್ಪಾದನೆಯನ್ನೇ ಶೇಕಡ 40ರಷ್ಟು ಇಳಿಸುವುದಾಗಿ ಘೋಷಿಸಿತು. ಅಷ್ಟರಲ್ಲಿ ಉಕ್ರೇನಿನ ಯುದ್ಧ ಬಂತು, ತೈಲದ ಬೆಲೆ ಏರಿತು, 2022ನೆಯ ಒಂದೇ ವರ್ಷದಲ್ಲಿ ಸುಮಾರು 2,800 ಕೋಟಿ ಡಾಲರ್ ಲಾಭ ಬಂತು. 2023ರ ಫೆಬ್ರವರಿಯಲ್ಲಿ 40 ಎಂಬುದು 25 ಆಯಿತು. 2025ರ ಫೆಬ್ರವರಿಯಲ್ಲಿ ಆ ಗುರಿಯನ್ನೇ ಕೈಬಿಟ್ಟರು. ಒಳಗಿನವನ ಗೆಲುವು ಒಡೆಯನ ಮರ್ಜಿಯಿರುವ ತನಕ ಮಾತ್ರ. ಬಾಡಿಗೆ ಮನೆಯ ಅಂಗಳದಲ್ಲಿ ತೆಂಗಿನ ಸಸಿ ನೆಟ್ಟವರಿಗೆ ಈ ಸಂಕಟ ಗೊತ್ತು.

ಹಾಗಾದರೆ ಮಗಳೇ ಸರಿಯೆ? 2019ರ ಏಪ್ರಿಲಿನಲ್ಲಿ ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಎಂಬ ಚಳವಳಿಗಾರರು ಲಂಡನ್ನಿನ ಸೇತುವೆ, ಚೌಕಗಳಲ್ಲಿ ಕುಳಿತು ಸುಮಾರು ಹನ್ನೊಂದು ದಿನ ಸಂಚಾರ ತಡೆದರು. ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮೇ 1ರಂದು ಪಾರ್ಲಿಮೆಂಟಿನ ಕೆಳಮನೆ ಹವೆಯ ತುರ್ತುಪರಿಸ್ಥಿತಿಯನ್ನು ಸಾರಿತು; ಜೂನ್ ಮುಗಿಯುವುದರೊಳಗೆ, 2050ಕ್ಕೆ ದೇಶದ ನಿವ್ವಳ ಹೊಗೆಯನ್ನು ಶೂನ್ಯಕ್ಕೆ ತರಬೇಕೆಂಬ ಗುರಿ ಕಾನೂನಾಯಿತು. ಕೂಗಿದವರಿಗೆ ಇದು ತಮ್ಮ ಜಯವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ದಿನಾಂಕಗಳನ್ನು ಕೊಂಚ ಹಿಂದಕ್ಕೆ ತಿರುವಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಆ ಶೂನ್ಯದ ಲೆಕ್ಕವನ್ನು ಹಾಕಿಕೊಡಿರೆಂದು ಸರ್ಕಾರ ತನ್ನ ತಜ್ಞರ ಸಮಿತಿಯನ್ನು ಕೇಳಿದ್ದು 2018ರ ಅಕ್ಟೋಬರಿನ ನಡುವಿನಲ್ಲಿ, ಈ ಚಳವಳಿ ಬಹಿರಂಗವಾಗಿ ಹುಟ್ಟುವುದಕ್ಕೆ ಎರಡು ವಾರ ಮೊದಲೇ. ಸಮಿತಿಯ ವರದಿ ಹೊರಬಿದ್ದದ್ದು 2019ರ ಮೇ 2ರಂದು. ಬೀದಿಯಲ್ಲಿ ಡೋಲು ಬಾರಿಸುತ್ತಿದ್ದಾಗ, ಯಾರೂ ಹೆಸರು ಕೇಳದ ಕೆಲವರು ಕೋಣೆಯೊಳಗೆ ಕೋಷ್ಟಕಗಳನ್ನು ತುಂಬುತ್ತಿದ್ದರು. ಡೋಲಿಲ್ಲದಿದ್ದರೆ ಆ ವರದಿ ಬೀರುವಿನಲ್ಲಿ ಮಲಗಬಹುದಿತ್ತು. ವರದಿಯಿಲ್ಲದಿದ್ದರೆ ಮಂತ್ರಿಗಳು ಡೋಲು ನಿಲ್ಲುವುದನ್ನೇ ಕಾಯುತ್ತ ಕುಳಿತಿರಬಹುದಿತ್ತು.

ಅನಂತರದ ಕೂಗು ಇಷ್ಟು ಹದವಾಗಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಜಸ್ಟ್ ಸ್ಟಾಪ್ ಆಯಿಲ್ ಗುಂಪಿನ ಇಬ್ಬರು ಹುಡುಗಿಯರು ವ್ಯಾನ್ ಗೋನ ಸೂರ್ಯಕಾಂತಿಯ ಚಿತ್ರದ ಮೇಲೆ ಟೊಮೇಟೊ ಸಾರು ಎರಚಿದರು. ಚಿತ್ರಕ್ಕೆ ಗಾಜಿನ ರಕ್ಷಣೆಯಿದ್ದುದರಿಂದ ಹಾನಿಯಾದದ್ದು ಚೌಕಟ್ಟಿಗೆ ಮಾತ್ರ. ಆದರೂ ಆ ಸುದ್ದಿ ಓದಿದ ದಿನ ನನಗೆ ಬಂದ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ. ಮುಂದಿನ ತಿಂಗಳು ಅವರು ಲಂಡನ್ನನ್ನು ಸುತ್ತುವ ಹೆದ್ದಾರಿಯನ್ನೇ ನಿಲ್ಲಿಸಿದರು. ಅದಕ್ಕೆ ಸಂಚು ಹೂಡಿದ ಐವರಿಗೆ 2024ರಲ್ಲಿ ನಾಲ್ಕು, ಐದು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಶಿಕ್ಷೆ ಸ್ವಲ್ಪ ಇಳಿಯಿತು. ನನ್ನ ಕೋಪವೇನೇ ಇರಲಿ, ರಸ್ತೆಯಲ್ಲಿ ಯಾರನ್ನೂ ಹೊಡೆಯದವರಿಗೆ ಇದು ಅತಿಯಾದ ಶಿಕ್ಷೆಯೆಂದೇ ನನ್ನ ಭಾವನೆ. ಇದರಲ್ಲೂ ಒಂದು ವಿಚಿತ್ರವಿದೆ. ಹೆದ್ದಾರಿ ನಿಂತ ಆ ದಿನಗಳ ಮೊದಲೂ ಅನಂತರವೂ ಜನರ ಅಭಿಪ್ರಾಯ ಕೇಳಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಈ ಗುಂಪಿನ ಸುದ್ದಿ ಹರಡಿದಾಗ, ಇದೇ ಉದ್ದೇಶಕ್ಕಾಗಿ ಮೆಲುದನಿಯಲ್ಲಿ ದುಡಿಯುವ ಬೇರೊಂದು ಸಂಸ್ಥೆಗೆ ಜನರ ಬೆಂಬಲ ಅಲ್ಪವಾಗಿಯಾದರೂ ಏರಿತ್ತು. ಇನ್ನು ಹೊಸ ತೈಲಕ್ಷೇತ್ರಗಳಿಗೆ ಪರವಾನಗಿ ಕೊಡಬಾರದೆಂಬ ಅವರ ಬೇಡಿಕೆ 2024ರಲ್ಲಿ ಅಧಿಕಾರಕ್ಕೆ ಬಂದ ಪಕ್ಷದ ನೀತಿಯಾಯಿತು. ಆ ಪಕ್ಷದ ನಾಯಕರೇ ಈ ಚಳವಳಿಗಾರರನ್ನು ಸಾರ್ವಜನಿಕವಾಗಿ ಖಂಡಿಸಿದವರು!

ಈ ಓದಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಕಥೆ ಇಂಗ್ಲೆಂಡಿನದಲ್ಲ, ನೆರೆಯ ಡೆನ್ಮಾರ್ಕಿನದು. ಅಲ್ಲಿ 1972ರಲ್ಲಿ ಸರ್ಕಾರವೇ ಸ್ಥಾಪಿಸಿದ ಡಾಂಗ್ ಎಂಬ ಕಂಪನಿಯ ಕಸುಬು ಉತ್ತರ ಸಮುದ್ರದ ತೈಲ, ಅನಿಲ. 2006ರಲ್ಲಿ ದೇಶದ ವಿದ್ಯುತ್ ಕಂಪನಿಗಳು ಅದರೊಡನೆ ಒಂದಾದುವು. ಈ ದೊಡ್ಡ ಕಂಪನಿ ಜರ್ಮನಿಯ ಬಾಲ್ಟಿಕ್ ಕರಾವಳಿಯ ಲುಬ್ಮಿನ್ ಎಂಬಲ್ಲಿ 1,600 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿತು. ಆ ಸೀಮೆಯ ಜನ ಬಲವಾಗಿ ವಿರೋಧಿಸಿದರು. 2009ರ ಕೊನೆಯಲ್ಲಿ ಕಂಪನಿ ಯೋಜನೆಯಿಂದ ಹಿಂದೆಗೆಯಿತು. ಕಲ್ಲಿದ್ದಲಿಗೆ ಇನ್ನು ಎಲ್ಲಿ ಹೋದರೂ ಇದೇ ಸ್ವಾಗತವೆಂದು ಆಡಳಿತಗಾರರಿಗೆ ಮನವರಿಕೆಯಾದದ್ದು ಅಲ್ಲಿ. ಅದುವರೆಗೆ ಕಂಪನಿಯ ಮೂಲೆಯಲ್ಲಿ ಕುಳಿತಿದ್ದವರು ಗಾಳಿಯಂತ್ರದವರು. 1991ರಲ್ಲಿ ವಿಂಡೆಬಿ ಎಂಬ ಊರಿನ ಬಳಿ ಜಗತ್ತಿನಲ್ಲೇ ಮೊದಲ ಬಾರಿಗೆ ಸಮುದ್ರದೊಳಗೆ 11 ಗಾಳಿಯಂತ್ರಗಳನ್ನು ನಿಲ್ಲಿಸಿದ ವಿದ್ಯೆ ಆ ದೇಶದ್ದು. ಈಗ ಅವರ ಮಾತಿಗೆ ಬೆಲೆ ಬಂತು. ಉತ್ಪಾದನೆಯಲ್ಲಿ 85 ಪಾಲು ಹೊಗೆಯದು, 15 ಪಾಲು ಹೊಗೆಯಿಲ್ಲದ್ದು ಎಂದಿದ್ದ ಲೆಕ್ಕವನ್ನು ಒಂದು ತಲೆಮಾರಿನೊಳಗೆ ತಿರುಗುಮುರುಗು ಮಾಡುವುದೆಂದು ಗುರಿಯಿಟ್ಟರು. ಹತ್ತೇ ವರ್ಷದಲ್ಲಿ ಮುಟ್ಟಿದರು. 2017ರಲ್ಲಿ ತೈಲದ ವ್ಯಾಪಾರವನ್ನು ಮಾರಿ, ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಕಂಡ ಭೌತವಿಜ್ಞಾನಿ ಓರ್ಸ್ಟೆಡ್ ಅವರ ಹೆಸರನ್ನಿಟ್ಟುಕೊಂಡರು. 2024ರ ಆಗಸ್ಟಿನಲ್ಲಿ ಅವರ ಕಟ್ಟಕಡೆಯ ಕಲ್ಲಿದ್ದಲು ಒಲೆ ಆರಿತು. ಇದನ್ನು ಸತ್ಯಯುಗವೆಂದು ಭಾವಿಸಬೇಕಾಗಿಲ್ಲ: ಅವರು ಮರದ ಚೂರುಗಳನ್ನು ಉರಿಸುವುದುಂಟು, ಅಮೆರಿಕದಲ್ಲಿ ಹೂಡಿದ ಗಾಳಿಯ ಯೋಜನೆಗಳಲ್ಲಿ ಭಾರಿ ನಷ್ಟವನ್ನೂ ಅನುಭವಿಸಿದರು. ಹೆಚ್ಚಿನ ಪಾಲು ಸರ್ಕಾರದ ಕೈಯಲ್ಲಿದ್ದದ್ದೂ ಅವರಿಗೆ ಅನುಕೂಲವಾಯಿತು. ಆದರೂ ಒಳಗಿನವನ ವಿದ್ಯೆಗೆ ಹೊರಗಿನವನ ತಡೆ ಹೇಗೆ ದಾರಿಮಾಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಗಲಿಲ್ಲ.

ಆದ್ದರಿಂದ ಮಗಳಿಗೆ ಹೇಳಬೇಕಾದ ಮಾತು ಸಣ್ಣದು. ಲುಬ್ಮಿನ್ನಿನವರು ತಡೆದದ್ದು ಸ್ಥಾವರವನ್ನೇ. ನಮ್ಮ ಶಿರಸಿ ಸೀಮೆಯ ಸಾಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ನಿಂತಾಗ ತಡೆದದ್ದು ಕೊಡಲಿಯನ್ನು, ಸಂತೆಗೆ ಹೊರಟ ಗಾಡಿಯನ್ನಲ್ಲ. ಕೆಲಸಕ್ಕೆ ಹೊರಟ ದಾದಿಯ ಕಾರಿನ ಮುಂದೆ ಕುಳಿತರೆ ಬೈಗುಳವಂತೂ ನಿಶ್ಚಯ. ಫಲ ಬಂದರೂ ಬಳಸುದಾರಿಯಲ್ಲಿ, ಬೇರೆಯವರ ಹೆಸರಿನಲ್ಲಿ ಬರುತ್ತದೆ. ಆ ಅನಾಮಧೇಯತೆಗೆ ಅವಳು ಸಿದ್ಧಳಾಗಿದ್ದರೆ ನನ್ನ ತಕರಾರಿಲ್ಲ.

ತಂದೆಗೆ ಹೇಳಬೇಕಾದ ಮಾತು ದೊಡ್ಡದು. ಅದನ್ನು ಕುಮಾರವ್ಯಾಸನ ಆಸರೆಯಿಲ್ಲದೆ ಹೇಳಲು ನನಗೆ ಬರಲಿಲ್ಲ. ದ್ಯೂತದ ಸಭೆಯಲ್ಲಿ ಒಳಗಿನ ಸಜ್ಜನರಿಗೆ ಬರವಿರಲಿಲ್ಲ. ಭೀಷ್ಮನಿದ್ದ, ಧರ್ಮ ಸೂಕ್ಷ್ಮವೆಂದ. ವಿಕರ್ಣನಿದ್ದ, ತುಂಬಿದ ಸಭೆಯಲ್ಲಿ ನ್ಯಾಯವನ್ನೇ ನುಡಿದ, ಆಮೇಲೆ ಅಣ್ಣನ ಪಕ್ಷದಲ್ಲೇ ಕಾದಿ ಸತ್ತ. ಅವರ ಮಾತು ದುರ್ಯೋಧನನಿಗೆ ತಾಗಲಿಲ್ಲವೇಕೆ? ಏನೇ ಅಂದರೂ ಇವರು ತನ್ನನ್ನು ಬಿಟ್ಟುಹೋಗುವವರಲ್ಲವೆಂದು ಅವನಿಗೆ ಗೊತ್ತಿತ್ತು. ವಿದುರನೂ ವರ್ಷಗಟ್ಟಲೆ ಒಳಗಿದ್ದೇ ಬುದ್ಧಿ ಹೇಳಿದವನು. ಉದ್ಯೋಗಪರ್ವದಲ್ಲಿ, ಕೃಷ್ಣ ಅರಮನೆಯನ್ನು ಬಿಟ್ಟು ವಿದುರನ ಮನೆಗೆ ಹೋದುದಕ್ಕಾಗಿ ಕೌರವನು ತುಂಬಿದ ಸಭೆಯಲ್ಲಿ ಅವನನ್ನು ಹೀಯಾಳಿಸಿದಾಗ, ವಿದುರ ತನ್ನ ಬಿಲ್ಲನ್ನು ಮುರಿದುಹಾಕಿದ. ಅದುವರೆಗಿನ ಅವನ ಹಿತವಚನಗಳಿಂದ ಅಲುಗದ ಸಭೆ ಆ ಬಿಲ್ಲು ಮುರಿದಾಗ ಬೆಚ್ಚಿತು.

"ನೀನು ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ, ಸೋರುವ ಅನಿಲವನ್ನು ತಡೆಯುವವರು ಬೇಕು" ಎಂದು ಅವನಿಗೆ ಬರೆದೆ. "ಆದರೆ ಯಾವ ದಿನ, ಯಾವ ಮಾತಿಗೆ ಬಿಲ್ಲು ಮುರಿಯುವೆ ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಡು. ನಿನ್ನ ಮೇಲಿನವರಿಗೂ ಅದು ತಿಳಿದಿರಲಿ. ಅಂಥ ದಿನವೇ ಇಲ್ಲವೆಂದು ನಿನಗೆ ಅನಿಸಿದರೆ, ಮಗಳು ಚೊಂಬಿನ ವಿಚಾರದಲ್ಲಿ ಹೇಳಿದ್ದು ನಿಜ."

ಅವನಿಂದ ಉತ್ತರ ಇನ್ನೂ ಬಂದಿಲ್ಲ, ಮಗಳಿಂದ ಬಂದಿದೆ. ಕನ್ನಡ ಓದಲು ಬಾರದ ಆ ಹುಡುಗಿಗೆ ತಂದೆ ನನ್ನ ಕಾಗದವನ್ನು ಕೂರಿಸಿಕೊಂಡು ಓದಿ ಹೇಳಿದನಂತೆ. "ತಾತ, ಬಿಲ್ಲು ಮುರಿದ ಮೇಲೆ ವಿದುರ ಪಾಂಡವರ ಕಡೆಗೆ ಹೋದನೆ?" ಎಂದು ಕೇಳಿದ್ದಾಳೆ. ಹೋಗಲಿಲ್ಲವೆಂದು ಬರೆಯಬೇಕು. ಏಕೆ ಹೋಗಲಿಲ್ಲವೆಂದು ಅವಳು ಮತ್ತೆ ಕೇಳುವುದು ಖಂಡಿತ. ಅದಕ್ಕಾಗಿ ಉದ್ಯೋಗಪರ್ವವನ್ನು ಮತ್ತೊಮ್ಮೆ ಬಿಚ್ಚಿಟ್ಟುಕೊಂಡಿದ್ದೇನೆ.