ಎರಡನೆಯ ಬಾಣ



ರಾಜ್ಯೋತ್ಸವದ ಸಂಭ್ರಮದಲ್ಲಿ ಕುಡಿತ, ತಂಬಾಕು, ಸಿಟ್ಟುಗಳ ಮಾತೆತ್ತುವುದು ಕೆಲವರಿಗೆ ಅಪಶಕುನವಾಗಿ ತೋರಬಹುದು. ಆದರೆ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಸಂಸಾರಗಳಲ್ಲಿ ಈ ದುಃಖವನ್ನು ಮುಚ್ಚಿಡುವುದೇ ರೂಢಿಯಾಗಿದೆ. ಊರಿಗೆ ಫೋನು ಮಾಡಿದಾಗ ಎಲ್ಲರೂ ಕ್ಷೇಮವೆನ್ನುತ್ತೇವೆ. ಕಪಾಟಿನ ಹಿಂದೆ ಬಾಟಲಿಯಿರುವುದು ಮನೆಯಾಕೆಗೊಬ್ಬಳಿಗೇ ಗೊತ್ತು. ಆದುದರಿಂದಲೇ ಈ ನಾಲ್ಕು ಮಾತು.

ಬುದ್ಧನ ಉಪದೇಶಗಳಲ್ಲಿ ಎರಡು ಬಾಣಗಳ ಉಪಮೆಯೊಂದುಂಟು. ಮೈಗೆ ತಗಲಿದ ನೋವು ಮೊದಲನೆಯ ಬಾಣ. ಅದಕ್ಕಾಗಿ ಕೊರಗುವುದು, ಸಿಡಿಯುವುದು, ಅದನ್ನು ಮರೆಯಲು ಯಾವುದಾದರೊಂದು ಸುಖದ ಕಡೆಗೆ ಓಡುವುದು, ಇವೆಲ್ಲ ಎರಡನೆಯದರ ಕೆಲಸ. ಚಟದ ಹುಟ್ಟನ್ನು ಇಷ್ಟು ಸಂಕ್ಷೇಪವಾಗಿ ಹೇಳಿದವರು ವಿರಳ.

ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ವ್ಯಾಪಾರಸ್ಥರು. ಅವರಿಗೆ ಭಯಂಕರ ತಲೆಶೂಲೆ. ಶಮನಕ್ಕೆ ಮಾರ್ಫಿನ್ ಸೂಜಿ. ನೋವಿನ ಕಾಟ ಒಂದಾದರೆ, ಮಾರ್ಫಿನ್ನಿನ ದಾಸರಾಗುವ ಭಯ ಇನ್ನೊಂದು. 1955ರಲ್ಲಿ ಅವರು ರಂಗೂನಿನ ಊ ಬಾ ಖಿನ್ ಅವರಲ್ಲಿಗೆ ಹೋದರು. ಈ ಗುರು ಸಂನ್ಯಾಸಿಯಲ್ಲ. ಸರ್ಕಾರದ ಲೆಕ್ಕಪತ್ರ ಇಲಾಖೆಯ ದೊಡ್ಡ ಅಧಿಕಾರಿ, ಗೃಹಸ್ಥ. ತಲೆನೋವು ವಾಸಿಮಾಡಿಕೊಳ್ಳುವುದಕ್ಕೇ ಬಂದಿದ್ದರೆ ಕಲಿಸಲಾರೆ, ಚಿತ್ತಶುದ್ಧಿಗಾದರೆ ಬನ್ನಿ ಎಂದರಂತೆ. ಗೋಯೆಂಕಾ ಕಲಿತರು. 1969ರಲ್ಲಿ ಭಾರತಕ್ಕೆ ಬಂದು ಇದೇ ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು.

ಮೊದಲು ಉಸಿರನ್ನು ಗಮನಿಸುವುದು. ಮನಸ್ಸು ನಿಂತಮೇಲೆ ಮೈಯ ವೇದನೆಗಳನ್ನು ತಲೆಯಿಂದ ಕಾಲಿನವರೆಗೆ ನೋಡುತ್ತ ಹೋಗುವುದು. ಕುಡಿಯಬೇಕೆಂಬ ಆಸೆ ಬಂದಾಗ ಎದೆ ಬಿಗಿಯುತ್ತದೆ, ಬಾಯಿ ಒಣಗುತ್ತದೆ, ಕೈ ಚಡಪಡಿಸುತ್ತದೆ. ನಾವು ಹಂಬಲಿಸುವುದು ವಸ್ತುವಿಗಾಗಿ ಎಂದು ತಿಳಿದಿರುತ್ತೇವೆ. ನಿಜವಾಗಿ ಓಡುವುದು ಈ ಮೈಯ ತಳಮಳದಿಂದ ಎಂಬುದು ಗೋಯೆಂಕಾ ಅವರ ಬೋಧೆಯ ತಿರುಳು. ಅದರೊಡನೆ ಹೊಡೆದಾಡದೆ, ಅದಕ್ಕೆ ಸೋಲದೆ ನೋಡುತ್ತ ಕುಳಿತರೆ ಅದು ಏರುತ್ತದೆ, ಇಳಿಯುತ್ತದೆ. ಸಿಟ್ಟಿಗೂ ಇದೇ ಕ್ರಮ. ಗಂಡನ ಬಾಯಿಂದ ವಾಸನೆ ಬಂದೊಡನೆ ಹೆಂಡತಿಯ ಹೊಟ್ಟೆಯಲ್ಲಿ ಏಳುವ ಉರಿಯೂ ನೋಡಬೇಕಾದದ್ದೇ. ನುಂಗಿಕೊಂಡಿರೆಂದು ನಾವು ಆಕೆಗೆ ಹೇಳುತ್ತಿಲ್ಲ. ನುಂಗುವುದು ಬೇರೆ, ನೋಡುವುದು ಬೇರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಅಲೆಯ ಮೇಲೆ ತೇಲುವುದಕ್ಕೆ ಹೋಲಿಸಿದರು. ಈ ಬಗೆಯ ಅಭ್ಯಾಸವನ್ನು ಸೇರಿಸಿದ ಚಿಕಿತ್ಸೆಯನ್ನು 286 ಜನರ ಒಂದು ಅಧ್ಯಯನದಲ್ಲಿ ಬೇರೆ ಎರಡು ಕ್ರಮಗಳೊಡನೆ ಹೋಲಿಸಿ ನೋಡಲಾಯಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ವರ್ಷ ಕಳೆದಾಗ, ಈ ಅಭ್ಯಾಸ ಮಾಡಿದವರಲ್ಲಿ ಮಾದಕದ ಬಳಕೆ ಉಳಿದವರಿಗಿಂತ ಕಡಿಮೆಯಿತ್ತು.

ಒಂದು ಮಾತನ್ನು ಮರೆಯುವಂತಿಲ್ಲ. ಅಧ್ಯಯನಕ್ಕೆ ಸೇರಿದವರೆಲ್ಲ ಮೊದಲೇ ಆರಂಭದ ಚಿಕಿತ್ಸೆ ಮುಗಿಸಿದ್ದವರು. ವರ್ಷಗಟ್ಟಲೆ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ ಬರಬಹುದು, ಪ್ರಾಣಕ್ಕೂ ಅಪಾಯ. ಅಂಥವನನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಧ್ಯಾನಕೇಂದ್ರ ಆಸ್ಪತ್ರೆಯಲ್ಲ.

ಇಗತಪುರಿಯ ಕೇಂದ್ರ ಕಸಾರಾ ಘಟ್ಟ ಏರಿದೊಡನೆ ಸಿಕ್ಕುತ್ತದೆ. ಶಿಬಿರ ಹತ್ತು ದಿನದ್ದು. ಬಹುಪಾಲು ಮೌನದಲ್ಲೇ ಕಳೆಯಬೇಕು. ಊಟಕ್ಕೆ, ವಸತಿಗೆ ಶುಲ್ಕವಿಲ್ಲ. ಹಿಂದೆ ಕಲಿತುಹೋದವರ ದಾನದಿಂದ ನಡೆಯುತ್ತದೆ. ಅಷ್ಟು ದಿನ ರಜೆ ಎಲ್ಲಿಂದ ತರೋಣವೆಂದು ಕೇಳುವವರಿದ್ದಾರೆ. ಊರ ಜಾತ್ರೆಗೆ, ಸೋದರಳಿಯನ ಮದುವೆಗೆ ನಾವು ಹೇಗೋ ಹೊಂದಿಸಿಕೊಂಡೇ ಬಂದಿದ್ದೇವೆ.