ಹಸ್ತಾಂತರವಾದ ಮೇಲೆ

(ಮಾಸಿಕ ಅನುಭಾವಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನನ್ನು ಪರಿಚಯಿಸಿದವರು ಬಹಳ ಪ್ರೀತಿಯಿಂದ ಮಾತನಾಡಿದರು. ಇಷ್ಟು ವರ್ಷ ಸರ್ಕಾರಿ ಸೇವೆ, ಇಷ್ಟು ಕೊಳವೆಬಾವಿ, ಕಾರ್ಯಪಾಲಕ ಇಂಜಿನಿಯರ್ ಆಗಿ ನಿವೃತ್ತಿ, ಆಮೇಲೆ ಆಫ್ರಿಕಾದಲ್ಲಿ ಸೇವೆ ಎಂದರು. ಇದೊಂದು ಯಶಸ್ವಿ ಜೀವನ ಎಂದೂ ಸೇರಿಸಿದರು. ಆ ಮಾತನ್ನೇ ಹಿಡಿದುಕೊಂಡು ನಾನು ಕಂಡದ್ದನ್ನು ಹೇಳುತ್ತೇನೆ.

ಸರ್ಕಾರಿ ಕಚೇರಿಯಲ್ಲಿ ದುಡಿದವರು ಇಲ್ಲಿ ಬಹಳ ಜನ ಇದ್ದೀರಿ. ನಮ್ಮ ಮಾಸಿಕ ಪ್ರಗತಿ ವರದಿಯಲ್ಲಿ ಎರಡು ಕಾಲಂ ಇರುತ್ತವೆ: ಗುರಿ, ಸಾಧನೆ. ನೂರು ಬೋರ್ ಕೊರೆಸಬೇಕೆಂದು ಗುರಿ. ನೂರು ಕೊರೆಸಿದರೆ ಸಾಧನೆ ಶೇಕಡಾ 100. ಪಂಪು ಕೂಡಿಸಿ ಪಂಚಾಯತಿಗೆ ಹಸ್ತಾಂತರಿಸಿದರೆ ಆ ಸಾಲು ಮುಗಿಯಿತು. ಎರಡು ವರ್ಷದ ಮೇಲೆ ಆ ಪಂಪಿನಲ್ಲಿ ನೀರು ಬರುತ್ತಿದೆಯೇ ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಅನುಭಾವಿಗಳ ಬಾಯಲ್ಲಿ 'ಸಾಧನೆ' ಎಂಬುದು ಎಂಥ ಶಬ್ದ! ಕಚೇರಿಯಲ್ಲಿ ಅದೊಂದು ಚೌಕವಾಗಿತ್ತು.

ನಿವೃತ್ತಿಯ ನಂತರ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಉತ್ತರ ಉಗಾಂಡದ ಲಿರಾ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಏಳು ತಿಂಗಳು ಇದ್ದೆ. ಊಟ ವಸತಿ ಅವರದು, ಸಂಬಳವಿಲ್ಲ. "ಸಂಬಳ ಇಲ್ಲದ ಅಷ್ಟು ದೂರ ಯಾಕ ಹೋಗ್ತೀರಿ ಸಾಹೇಬ್ರ?" ಎಂದು ಬೀಗರು ಕೇಳಿದ್ದರು. ಆಗ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ.

ಅಲ್ಲಿ ಮೊದಲ ಹಳ್ಳಿಗೆ ಹೋದರೆ ಹಳದಿ ಬಣ್ಣದ ಇಪ್ಪತ್ತು ಲೀಟರ್ ಜೆರ್ರಿಕ್ಯಾನುಗಳ ಸಾಲು, ಸಾಲಿನ ತುದಿಯಲ್ಲಿ ನಮ್ಮದೇ ಇಂಡಿಯಾ ಮಾರ್ಕ್-2 ಕೈಪಂಪು! ಅವರು ಅದನ್ನು ಯು-2 ಎನ್ನುತ್ತಾರೆ. ಹಿಡಿಕೆ, ಚೈನು, ತೊಟ್ಟಿ ಎಲ್ಲ ಅದೇ. ಪರದೇಶದಲ್ಲಿ ತವರಿನವರು ಸಿಕ್ಕಂತಾಯಿತು.

ಈ ಪಂಪಿನ ಕಥೆ ನಮ್ಮವರಿಗೆ ಗೊತ್ತಿರಬೇಕು. ಒಂದು ಮನೆಯವರು ಬಳಸಲು ಮಾಡಿದ ವಿದೇಶಿ ಪಂಪುಗಳ ನಕಲನ್ನು ಎರಕದ ಕಬ್ಬಿಣದಲ್ಲಿ ಮಾಡಿ ಇಡೀ ಊರಿಗೆ ಹಾಕುತ್ತಿದ್ದ ಕಾಲವಿತ್ತು. ಬೆಳಗಿನಿಂದ ರಾತ್ರಿಯವರೆಗೆ ಹೊಡೆದರೆ ಅವು ತಡೆಯುತ್ತವೆಯೇ? ಮುರಿದು ಬೀಳುತ್ತಿದ್ದವು. ಜಾಲ್ನಾ, ಸೊಲ್ಲಾಪುರದ ಕಡೆ ಉಕ್ಕಿನಲ್ಲಿ ಗಟ್ಟಿ ಪಂಪು ಮಾಡಿದರು. ಆ ಸೊಲ್ಲಾಪುರ ಪಂಪನ್ನು ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ಮತ್ತು ನಮ್ಮ ದೇಶದ ಇಂಜಿನಿಯರುಗಳು ಸೇರಿ ಮಾರ್ಕ್-2 ಸಿದ್ಧಪಡಿಸಿದರು. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಐ.ಎಸ್. 9301 ಎಂಬ ಮಾನಕ ನೋಡಿ ಯಾರು ಬೇಕಾದರೂ ತಯಾರಿಸಬಹುದು. ಕೋಟಿಗಟ್ಟಲೆ ಜನ ನೀರು ಕುಡಿದ ಯಂತ್ರದ ಮೇಲೆ ಯಾವ ಒಬ್ಬರ ಹೆಸರೂ ಇಲ್ಲ.

ಸೊಲ್ಲಾಪುರ ಎಂದರೆ ನಮಗೆ ಸೊನ್ನಲಿಗೆ, ಸಿದ್ಧರಾಮೇಶ್ವರರ ಊರು, ಅವರು ಕಟ್ಟಿಸಿದ ಕೆರೆ. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗ ಬರುತ್ತದೆ. ಅಲ್ಲಮಪ್ರಭುಗಳು ಆ ಕೆಲಸ ನಡೆಯುವಲ್ಲಿಗೇ ಬಂದು "ಒಡ್ಡರಾಮ ಎಲ್ಲಿ?" ಎಂದು ಕೇಳುತ್ತಾರೆ, ಕೆಲಸಗಾರರು ಸಿಟ್ಟಾಗುತ್ತಾರೆ. (ಒಡ್ಡರ ಕಾಯಕದಲ್ಲಿ ಕೀಳೇನೂ ಇಲ್ಲ. ಇಂದಿಗೂ ಭೋವಿ ಸಮಾಜ ಸಿದ್ಧರಾಮರನ್ನೇ ಗುರುವೆಂದು ಪೂಜಿಸುತ್ತದೆ.) ಪಂಡಿತರು ಬೇರೆ ಅರ್ಥ ಹೇಳಬಹುದು. ಇಂಜಿನಿಯರನಾಗಿ ನನಗೆ ಕಂಡದ್ದು ಇಷ್ಟು: ಪ್ರಭುಗಳು ಕೆರೆಯನ್ನು ಬೇಡವೆನ್ನಲಿಲ್ಲ. ಕೆರೆ ಕಟ್ಟಿದ 'ನಾನು' ಎಲ್ಲಿದ್ದಾನೆ ಎಂದು ಹುಡುಕಿದರು. ಸಿದ್ಧರಾಮರು ಅದನ್ನು ಕೇಳಿಸಿಕೊಂಡು ಕಲ್ಯಾಣಕ್ಕೆ ಹೊರಟರು. ಕೆರೆ ಅಲ್ಲೇ ಉಳಿಯಿತು, ಇನ್ನೂ ಇದೆ.

ಈಗ ಲಿರಾಕ್ಕೆ ಬರೋಣ. ಅಲ್ಲಿ ಬೋರ್ ಕೊರೆಯುವವರಿಗೆ ಬರವಿಲ್ಲ. ಬೇರೆ ಬೇರೆ ದೇಶದವರು ಬಂದು ಕೊರೆದು, ಫಲಕ ಹಾಕಿ, ಫೋಟೊ ತೆಗೆಸಿಕೊಂಡು ಹೋಗಿದ್ದಾರೆ. ಎಷ್ಟೋ ಕಡೆ ಫಲಕ ಇದೆ, ನೀರಿಲ್ಲ. ಕೆಲವು ಕಡೆ ನೀರು ಬರುತ್ತದೆ, ಆದರೆ ಕೆಂಪು. ಬಟ್ಟೆ ಒಗೆದರೆ ಕಲೆ, ಅಡಿಗೆ ಮಾಡಿದರೆ ಕಪ್ಪು. ಹೆಂಗಸರು ಬೇಸತ್ತು ಮತ್ತೆ ಜವಳು ನೆಲದ ಹೊಂಡಕ್ಕೆ ಹೋಗುತ್ತಾರೆ. ಆ ಹೊಂಡದಲ್ಲಿ ದನಗಳೂ ಇಳಿಯುತ್ತವೆ. ಆಮೇಲೆ ಮಕ್ಕಳಿಗೆ ಭೇದಿ.

ಕಾರಣ ಸರಳ. ಅಲ್ಲಿನ ಅನೇಕ ಕಡೆ ಅಂತರ್ಜಲ ಸ್ವಲ್ಪ ಆಮ್ಲೀಯ. ನಮ್ಮ ಜಿ.ಐ. ಪೈಪಿನ ಸತುವಿನ ಲೇಪ ಬೇಗ ಹೋಗುತ್ತದೆ, ಕಬ್ಬಿಣ ಕರಗುತ್ತದೆ, ಪೈಪಿಗೆ ತೂತು ಬೀಳುತ್ತದೆ. 2016ರಲ್ಲಿ ಉಗಾಂಡ ಸರ್ಕಾರವೇ ಕೈಪಂಪುಗಳಿಗೆ ಜಿ.ಐ. ಪೈಪು ಹಾಕಬಾರದೆಂದು ಹೇಳಿತು. ಆದರೆ ಹಳೆಯವು ಇನ್ನೂ ನೆಲದೊಳಗಿವೆ.

ನೀರು ಕೆಂಪಾದರೆ ಊರವರು "ನೆಲವೇ ಕೆಟ್ಟದ್ದು" ಎಂದು ಬೋರನ್ನು ಬಿಟ್ಟುಬಿಡುತ್ತಾರೆ. ಅದಕ್ಕೊಂದು ಸಾದಾ ಪರೀಕ್ಷೆಯಿದೆ. ಬೆಳಗಿನ ಮೊದಲ ನೀರನ್ನು ಒಂದು ಬಾಟಲಿಗೆ ಹಿಡಿಯಿರಿ. ಬಹಳ ಹೊತ್ತು ಪಂಪು ಹೊಡೆದ ಮೇಲೆ ಇನ್ನೊಂದು ಬಾಟಲಿಗೆ ಹಿಡಿಯಿರಿ. ಎರಡನೆಯದು ತಿಳಿಯಾಗಿದ್ದರೆ ದೋಷ ಪೈಪಿನದು, ರಾತ್ರಿಯಿಡೀ ನಿಂತ ನೀರಿಗೆ ಕಬ್ಬಿಣ ಇಳಿದಿದೆ. ಎರಡೂ ಕೆಂಪಾಗಿಯೇ ಇದ್ದರೆ ನೆಲದಲ್ಲೇ ಕಬ್ಬಿಣಾಂಶ ಇರಬಹುದು. ಹಳೆಯ ಬೋರಿಗೆ ಸ್ಟೇನ್‌ಲೆಸ್ ಉಕ್ಕಿನ ಅಥವಾ ಪಿ.ವಿ.ಸಿ. ಪೈಪು ಇಳಿಸಿದರೆ ಹೊಸ ಬೋರ್ ಕೊರೆಯುವ ಖರ್ಚೇ ಉಳಿಯುತ್ತದೆ. ಏಳು ತಿಂಗಳಲ್ಲಿ ನಾನು ಮಾಡಿದ ದೊಡ್ಡ ಕೆಲಸ ಎರಡು ಖಾಲಿ ಬಾಟಲಿಯದು ಎಂದರೆ ನೀವು ನಗಬಹುದು.

ನನ್ನ ಜೊತೆಗಿದ್ದ ಮೆಕ್ಯಾನಿಕ್ ಐವತ್ತು ದಾಟಿದವನು. ಬಜಾಜ್ ಬಾಕ್ಸರ್ ಬೈಕಿನ ಹಿಂದೆ ಪಾನಾ, ಪೈಪ್ ಹಿಡಿಯುವ ಕ್ಲಾಂಪು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಹಿಡಿಕೆಯ ಸದ್ದು ಕೇಳಿಯೇ ವಾಷರ್ ಸವೆದಿದೆಯೋ, ರಾಡು ತುಂಡಾಗಿದೆಯೋ ಹೇಳುತ್ತಿದ್ದ. ಮೂರು ಮೀಟರಿನ ಒಂದೊಂದು ಪೈಪು ಹತ್ತಿರ ಹತ್ತಿರ ಹತ್ತು ಕಿಲೋ. ಅಂಥ ಹನ್ನೆರಡು ಪೈಪುಗಳನ್ನು ಊರ ಹುಡುಗರ ಕೈಲಿ ಎತ್ತಿಸಿ, ಒಂದೂ ಒಳಗೆ ಜಾರದಂತೆ ನೋಡಿಕೊಳ್ಳುತ್ತಿದ್ದ. ಬಾಟಲಿ ಪರೀಕ್ಷೆಯನ್ನು ಮೂರನೆಯ ಹಳ್ಳಿಯಿಂದ ಅವನೇ ಮಾಡತೊಡಗಿದ. ನಾನು ನೆರಳಲ್ಲಿ ಕುಳಿತಿದ್ದೆ. ಕಚೇರಿಯ ಲೆಕ್ಕದಲ್ಲಿ ಆ ದಿನ ನನ್ನ ಸಾಧನೆ ಸೊನ್ನೆ. ನಿಜ ಹೇಳುತ್ತೇನೆ, ಮೂರು ದಶಕದ ನೌಕರಿಯಲ್ಲಿ ಅಷ್ಟು ನೆಮ್ಮದಿಯಿಂದ ನಾನು ಎಲ್ಲೂ ಕುಳಿತಿರಲಿಲ್ಲ.

ಒಂದು ಹಳ್ಳಿಯಲ್ಲಿ ಪಂಪು ದುರಸ್ತಿಯಾದಾಗ ಸಂಸ್ಥೆಯ ಹುಡುಗ ಕಟ್ಟೆಯ ಹಸಿ ಸಿಮೆಂಟಿನ ಮೇಲೆ ನನ್ನ ಹೆಸರು ಬರೆಯಲು ಬಂದ. ನೀರಿನ ಸಮಿತಿಯ ಖಜಾಂಚಿ ಒಬ್ಬ ತಾಯಿ, ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಳು. ಅವಳು ತಡೆದು, "ಇವರು ಊರಿಗೆ ಹೋಗುವವರು. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಅದನ್ನು ಬರೆ" ಎಂದಳು. ಮೆಕ್ಯಾನಿಕ್‌ನ ಫೋನ್ ನಂಬರು ಬರೆದರು. ನಮ್ಮ ಮಠಗಳ ನೆನಪಾಯಿತು: ಫ್ಯಾನಿನ ರೆಕ್ಕೆಯ ಮೇಲೆ, ಗಡಿಯಾರದ ಮೇಲೆ, ಸ್ಟೀಲ್ ಲೋಟದ ಮೇಲೆ ಸಹ ದಾನಿಯ ಹೆಸರು. ಶ್ರೀಗಳು ನಗುತ್ತಿದ್ದಾರೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಆ ಫ್ಯಾನು ಕೆಟ್ಟರೆ ರಿಪೇರಿ ಮಾಡುವವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮಡಿವಾಳ ಮಾಚಿದೇವರು, ನುಲಿಯ ಚಂದಯ್ಯನವರು, ಅಂಬಿಗರ ಚೌಡಯ್ಯನವರು ಕಾಯಕದ ಹೆಸರಿನಿಂದಲೇ ನಮಗೆ ಪರಿಚಯ. ಇವತ್ತಿನ ಸಮಾರಂಭದಲ್ಲಿ ಶಾಲು ಹೊದಿಸಿದ್ದು ನಿವೃತ್ತ ಅಧಿಕಾರಿಗೆ. ಮುಂದಿನ ಗೋಷ್ಠಿಗೆ ನಮ್ಮ ತಾಲೂಕಿನಲ್ಲಿ ಪಂಪು ರಿಪೇರಿ ಮಾಡುವ ಹುಡುಗರನ್ನು ಕರೆದು ಈ ಮೈಕಿನ ಮುಂದೆ ನಿಲ್ಲಿಸಿ ಎಂದು ಶ್ರೀಗಳಲ್ಲಿ ಕೇಳಿಕೊಳ್ಳುತ್ತೇನೆ. ಅವರ ಮಾತು ನನಗಿಂತ ಚೆನ್ನಾಗಿರುತ್ತದೆ.

ಹೋಗಬೇಕೆನ್ನುವ ನಿವೃತ್ತರು ಇದ್ದರೆ ಎರಡು ಮಾತು. ಹಳದಿ ಜ್ವರದ ಲಸಿಕೆ ಕಡ್ಡಾಯ; ಹೊರಡುವ ಹತ್ತು ದಿನ ಮೊದಲೇ ಹಾಕಿಸಿ, ಪ್ರಮಾಣಪತ್ರ ಜೋಪಾನವಾಗಿಡಿ, ವಾಪಸು ಬರುವಾಗಲೂ ಕೇಳುತ್ತಾರೆ. ಮಲೇರಿಯಾ ಮಾತ್ರೆಯನ್ನು ವೈದ್ಯರ ಬಳಿ ಕೇಳಿ. ಊಟದ ಚಿಂತೆ ಬೇಡ. ರಾಗಿ ಅವರ ನೆಲದ ಧಾನ್ಯ. ಮುದ್ದೆಯನ್ನು ಕ್ವೋನ್ ಎನ್ನುತ್ತಾರೆ. ಮಲಕ್ವಾಂಗ್ ಎಂಬ ಹುಳಿಸೊಪ್ಪನ್ನು ಶೇಂಗಾ ಅರೆದು ಹಾಕಿ ಬೇಯಿಸುತ್ತಾರೆ, ಬಾಯಿಗಿಟ್ಟರೆ ನಮ್ಮ ಪುಂಡಿಪಲ್ಯವೇ. ಹೆಚ್ಚಿನ ವಿವರ ಬೇಕಾದವರು ಪ್ರಸಾದದ ನಂತರ ನನ್ನನ್ನು ಕಾಣಬಹುದು.